ಬೆರಳಿಗೆ ಅಂಟಿದ ಮಾಗಳಿ ಬೇರು

ಇವತ್ತು ಲ್ಯಾಬಿನಲ್ಲಿ ಮಾಗಳಿ ಬೇರಿನ ಎಣ್ಣೆ ಇಳಿಸಿದೆ. ದೇವರಾಯನದುರ್ಗದ ಕಡೆಯ ಅಜ್ಜಿಯೊಬ್ಬರು ತುಮಕೂರಿನ ಸಂತೆಯಲ್ಲಿ ಮಾರುತ್ತಿದ್ದ ಬೇರು.

ಮಣ್ಣು ತೊಳೆದು, ಸಿಪ್ಪೆ ಹೆರೆದು, ನಡುವಿನ ಕಡ್ಡಿ ತೆಗೆದು ಹೆಚ್ಚಿದೆ. ಅಮ್ಮ ಉಪ್ಪಿನಕಾಯಿಗೆ ಮಾಡುವ ಹಾಗೇ! ಆಮೇಲೆ ಮಜ್ಜಿಗೆಗೆ ಹಾಕಲಿಲ್ಲ, ಫ್ಲಾಸ್ಕಿಗೆ ಹಾಕಿದೆ. ಅಷ್ಟೇ ವ್ಯತ್ಯಾಸ.

ಕುದ್ದ ಹಬೆ ಮೇಲೇರಿ ತಣ್ಣಗಾಗುವ ಕಡೆ ಗಾಜಿನ ಒಳಗೋಡೆಗೆ ಬಿಳಿ ಹರಳು ಕಟ್ಟಿತು. ಸಣ್ಣ ಸೂಜಿಗಳ ಹಾಗೆ. ಈ ಎಣ್ಣೆಯ ಬಹುಪಾಲು ಒಂದೇ ವಸ್ತು: 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. 40 ಡಿಗ್ರಿ ದಾಟಿದ ಮೇಲೇ ಕರಗುತ್ತದೆ. ಬಿಸಿನೀರು ಸೋಕಿಸಿದೆ, ಸುಮ್ನೆ ಜಾರಿ ಬಂತು.

ಮಜಾ ಏನಂದ್ರೆ, ಐಸ್‌ಕ್ರೀಮಿನ ವೆನಿಲಿನ್‌ಗೂ ಇದಕ್ಕೂ ಸೂತ್ರ ಒಂದೇ, C₈H₈O₃ ಅಂತ ಬರೆಯೋದು. ಅಣುತೂಕವೂ ಒಂದೇ, 152. ಅಣುವಿನೊಳಗೆ ಪರಮಾಣು ಗುಂಪುಗಳು ಕೂತ ಜಾಗ ಮಾತ್ರ ಬೇರೆ. ಒಂದನ್ನು ಮಕ್ಕಳು ಚಪ್ಪರಿಸುತ್ತಾರೆ, ಇನ್ನೊಂದಕ್ಕೆ ನನ್ನ ತಮ್ಮ "ತಿಗಣೆ ವಾಸನೆ" ಅಂತ ತಟ್ಟೆ ಬಿಟ್ಟು ಏಳುತ್ತಾನೆ.

(ಬಳ್ಳಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ಬೇರು ಕಿತ್ತರೆ ಬಳ್ಳಿಯೇ ಹೋಯ್ತಲ್ವಾ? ಕಾಲು ಕೆಜಿ ಹೆಚ್ಚುವಾಗ ಕೈ ಸ್ವಲ್ಪ ಹಿಂಜರಿಯಿತು.)

ಸೋಪು ಹಾಕಿ ಮೂರು ಸಲ ಕೈ ತೊಳೆದೆ. ಬಸ್ಸಿನಲ್ಲಿ ಪಕ್ಕದ ಸೀಟಿನ ಆಂಟಿ ಎರಡು ಸಲ ತಿರುಗಿ ನೋಡಿದರು. ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ, "ಮಾಗಳಿ ಬೇರು ತಂದ್ಯಾ? ಎಷ್ಟಂತೆ ಕೆಜಿ?"

ಎಣ್ಣೆಯಲ್ಲಿ ಏನಿದೆ ಅಂತ ಪತ್ತೆಹಚ್ಚುವ ನಮ್ಮ ಲ್ಯಾಬಿನ ಮೆಷಿನ್ನು ಇದನ್ನೇ ಹೇಳೋಕೆ ಮುಕ್ಕಾಲು ಗಂಟೆ ತಗೊಂಡಿತ್ತು.