ಎರಡೂ ಕೈ ಒಟ್ಟಿಗೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಶಾಲೆಯಿಂದ ಫೋನ್ ಬಂದಾಗ ನನಗೆ ಮೊದಲು ನೆನಪಾಗಿದ್ದು ಸ್ಟಾಫ್ ರೂಮಿನ ಹಿಂದಿನ ಸುಣ್ಣದ ಗೋಡೆ. ಹತ್ತನೇ ಕ್ಲಾಸಿನಲ್ಲಿ ಆ ಗೋಡೆಯನ್ನು ಎಷ್ಟು ಸಲ ಮುಟ್ಟಿದ್ದೀನೋ ಲೆಕ್ಕವಿಲ್ಲ.

ನಾನು ಈಜುತ್ತಿದ್ದದ್ದು ಹಲಸೂರು ಕೆರೆ ಪಕ್ಕದ ಕೊಳದಲ್ಲಿ. ಬೆಳಗ್ಗೆ ಐದೂವರೆಗೆ ನೀರಿಗೆ ಇಳಿಯಬೇಕು. ಅಮ್ಮ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಅದರ ಮೇಲೆ ಕ್ಯಾಪ್ ಹಾಕಿ ಕಳಿಸೋರು. ಡಿಸೆಂಬರ್‌ನಲ್ಲಿ ನೀರಿನ ಮೇಲೆ ಹಬೆ ಆಡುತ್ತಿತ್ತು. ಇಳಿಯುವವರೆಗೆ ನಡುಕ, ಇಳಿದ ಮೇಲೆ ಹೊರಗಿನ ಗಾಳಿಗಿಂತ ನೀರೇ ವಾಸಿ. ಅಲ್ಲಿಂದ ಓಡೋಡಿ ಶಾಲೆಗೆ ಬಂದರೆ ಮೊದಲನೇ ಪೀರಿಯಡ್ ಗಣಿತ. ಜಡೆಯಿಂದ ನೀರು ತೊಟ್ಟಿಕ್ಕಿ ನೋಟ್ಸೆಲ್ಲ ಒದ್ದೆ. ಗಣಿತದ ಮಿಸ್ ಒಂದು ದಿನ ಏನೂ ಹೇಳದೆ ನನ್ನ ಬ್ಯಾಗ್ ಎತ್ತಿ ಬಿಸಿಲು ಬೀಳುವ ಕಿಟಕಿ ಪಕ್ಕದ ಬೆಂಚಿಗೆ ಇಟ್ಟರು. ವರ್ಷಪೂರ್ತಿ ಅದೇ ನನ್ನ ಜಾಗವಾಯಿತು.

ಅದು 2000ನೇ ಇಸವಿ. ನಮ್ಮ ಬೆಂಗಳೂರಿನ ನಿಶಾ ಮಿಲ್ಲೆಟ್ ಸಿಡ್ನಿ ಒಲಿಂಪಿಕ್ಸ್‌ನಲ್ಲಿ 200 ಮೀಟರ್ ಫ್ರೀಸ್ಟೈಲ್ ಈಜಿದ ವರ್ಷ. ಪೇಪರಿನಲ್ಲಿ ಬಂದ ಅವರ ಫೋಟೋ ಕತ್ತರಿಸಿ ಜಾಮಿಟ್ರಿ ಬಾಕ್ಸಿನ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದೆ. ಅಷ್ಟು ದೂರದ ಆಸೆ ನನಗಿರಲಿಲ್ಲ. ಕಾಲೇಜಿಗೆ ಹೋದ ಮೇಲೂ ಈಜಬೇಕು, ಯೂನಿವರ್ಸಿಟಿ ಟೀಮಿನಲ್ಲಿ ನನ್ನ ಹೆಸರು ಬರಬೇಕು, ಅಷ್ಟೇ. ರಾಜ್ಯಮಟ್ಟದಲ್ಲಿ ಒಂದು ಸ್ಥಾನ ಬಂದರೆ ಆ ಸರ್ಟಿಫಿಕೇಟನ್ನು ಸ್ಪೋರ್ಟ್ಸ್ ಕೋಟಾ ಅರ್ಜಿಯ ಜೊತೆ ಇಡಬಹುದಿತ್ತು.

ಆ ವರ್ಷದ ರಾಜ್ಯಮಟ್ಟದ ಶಾಲಾ ಕೂಟದಲ್ಲಿ ನನ್ನದು 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್. 50 ಮೀಟರ್ ಕೊಳ, ಒಂದೇ ಟರ್ನ್, ಅಂದರೆ ಆಚೆ ತುದಿಯ ಗೋಡೆ ಮುಟ್ಟಿ ವಾಪಸ್ ತಿರುಗೋದು ಒಂದೇ ಸಲ. ಮೂರನೆಯವಳಾಗಿ ಮುಗಿಸಿದೆ. ತಲೆ ಎತ್ತಿ ನೋಡಿದರೆ ಆಚೆ ತುದಿಯಲ್ಲಿ ನನ್ನ ಲೇನಿನ ಜಡ್ಜ್ ಕೈ ಎತ್ತಿ ನಿಂತಿದ್ದರು. ಡಿಸ್‌ಕ್ವಾಲಿಫೈ. ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ, ಬಟರ್‌ಫ್ಲೈನಲ್ಲೂ ಅಷ್ಟೇ, ಗೋಡೆಯನ್ನು ಎರಡೂ ಕೈಯಿಂದ ಒಟ್ಟಿಗೆ ಮುಟ್ಟಬೇಕು. ನನ್ನ ಎಡಗೈ ಮೊದಲು ತಾಗಿತ್ತು. ಬೇಗ ತಿರುಗುವ ಆತುರಕ್ಕೆ ಗೋಡೆ ಸಿಗುವ ಮೊದಲೇ ಒಂದು ಭುಜ ಕೆಳಗಿಳಿಯುತ್ತದೆ. ತಪ್ಪು ನನ್ನದೇ. ಟವೆಲ್ ಮುಖದ ಮೇಲೆ ಹಾಕಿಕೊಂಡು ಅತ್ತೆ.

ನಮ್ಮ ಪಿ.ಟಿ. ಮೇಷ್ಟ್ರಿಗೆ ಈಜು ಬರುತ್ತಿರಲಿಲ್ಲ. ಅವರು ಕಬಡ್ಡಿ ಆಟಗಾರರು. ಆದರೂ ಕೋಚ್ ಹತ್ತಿರ ರೂಲ್ ಬುಕ್ ಕೇಳಿ ತಂದು, ಬೇಕಾದ ಪುಟ ಝೆರಾಕ್ಸ್ ಮಾಡಿಸಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ಕನ್ನಡದಲ್ಲಿ ಬರೆದುಕೊಂಡಿದ್ದರು. ಮಾರನೇ ದಿನ ಮಧ್ಯಾಹ್ನ ಊಟದ ಬೆಲ್ ಆದಮೇಲೆ ಕರೆದು, "ಬಾಮ್ಮ, ನೀರಿಲ್ಲದೆ ಮಾಡೋಣ" ಅಂದರು. ಹತ್ತು ಹೆಜ್ಜೆ ದೂರದಿಂದ ಓಡಿ ಬಂದು ಸುಣ್ಣದ ಗೋಡೆಗೆ ಎರಡೂ ಅಂಗೈ ಒಟ್ಟಿಗೆ ಕೊಡಬೇಕು. ಅವರು ಪಕ್ಕದಲ್ಲಿ ಕಣ್ಣು ಮುಚ್ಚಿಕೊಂಡು ನಿಲ್ಲೋರು. ಒಂದೇ ಸದ್ದು ಕೇಳಿದರೆ ಸರಿ. ಟಪ್-ಟಪ್ ಅಂತ ಎರಡು ಕೇಳಿದರೆ ಮತ್ತೆ ಓಡಬೇಕು. ದಿನಕ್ಕೆ 50 ಸಲ, ಪರೀಕ್ಷೆಯ ರಜೆ ಬರುವವರೆಗೂ. ಕೈ ತುಂಬ ಸುಣ್ಣ. ಉಸಿರು ಕಟ್ಟಿದಾಗಲೂ, ಕಾಲು ಸೋತಾಗಲೂ ಒಂದೇ ಸದ್ದು ಬರಬೇಕು ಅನ್ನೋದು ಅವರ ಹಟ.

ಆಮೇಲೆ ಪಿಯುಸಿ. ನಮ್ಮ ಬೆಳಗಿನ ಬ್ಯಾಚಿನಲ್ಲಿ 14 ಜನ ಇದ್ದೆವು. ಸೆಕೆಂಡ್ ಪಿಯು ಹೊತ್ತಿಗೆ ಮೂವರು. ಸಿಇಟಿ, ಟ್ಯೂಷನ್, ಮನೆಯವರ ಆತಂಕ. ಯಾರನ್ನೂ ದೂರುವ ಹಾಗಿಲ್ಲ. ಆದರೂ ಇವತ್ತಿಗೂ ನನಗೆ ಬೇಜಾರಿದೆ. ಹದಿನಾರು ಹದಿನೇಳಕ್ಕೆ ಮೈಗೆ ಬಲ ಬರುತ್ತೆ, ಏಳೆಂಟು ವರ್ಷ ಕಲಿತದ್ದು ಆಗ ತಾನೇ ಕೈಗೆ ಹತ್ತುತ್ತೆ. ಸರಿಯಾಗಿ ಆಗಲೇ ಬಿಡಿಸಿಬಿಡುತ್ತೇವೆ. ನನಗಿಂತ ಎಷ್ಟೋ ಚೆನ್ನಾಗಿ ಬಟರ್‌ಫ್ಲೈ ಮಾಡುತ್ತಿದ್ದ ಗೆಳತಿ ಒಂದು ಸೋಮವಾರದಿಂದ ಬರಲೇ ಇಲ್ಲ. ಅವಳ ಈಜುವ ಕನ್ನಡಕ ಎಷ್ಟೋ ದಿನ ಬದಿಯ ಕಂಬಿಯಲ್ಲಿ ನೇತಾಡುತ್ತಿತ್ತು. ಈಗ ನಮ್ಮ ಶಾಲೆಯಲ್ಲಿ ಈಜುವ ಮಕ್ಕಳ ಅಪ್ಪ ಅಮ್ಮ ಇದನ್ನು ಓದುತ್ತಿದ್ದರೆ ಒಂದೇ ಮಾತು: ಪೂರ್ತಿ ಬಿಡಿಸಬೇಡಿ, ವಾರಕ್ಕೆ ಮೂರು ದಿನವಾದರೂ ಕಳಿಸಿ. ನಾನು ಉಳಿದದ್ದು ಹಾಗೇ. ಅಪ್ಪ ಶಿಫ್ಟ್ ಮುಗಿಸಿ ಬಂದು, ನಿದ್ದೆ ಮಾಡದೆ ಸ್ಕೂಟರಿನಲ್ಲಿ ಬಿಡೋರು.

2003ರಲ್ಲಿ ಬಿ.ಕಾಂ. ಸೇರಿದೆ, ಮೆರಿಟ್ ಸೀಟಿನಲ್ಲೇ. ಆ ವರ್ಷವೇ ಅಂತರ ಕಾಲೇಜು ಈಜು. ಅದೇ 100 ಮೀಟರ್ ಬ್ರೆಸ್ಟ್‌ಸ್ಟ್ರೋಕ್. ಎರಡನೇ ಸ್ಥಾನ ಬಂತು, ಬೆಂಗಳೂರು ಯೂನಿವರ್ಸಿಟಿ ಟೀಮಿಗೆ ಆಯ್ಕೆಯಾದೆ. ನಾಲ್ವರು ಒಬ್ಬರಾದಮೇಲೆ ಒಬ್ಬರು ಬೇರೆ ಬೇರೆ ಶೈಲಿಯಲ್ಲಿ ಈಜುವ ಮೆಡ್ಲೆ ರಿಲೇಯಲ್ಲಿ ಬ್ಯಾಕ್‌ಸ್ಟ್ರೋಕ್ ಆದಮೇಲೆ ಬ್ರೆಸ್ಟ್‌ಸ್ಟ್ರೋಕ್ ಅಲ್ವಾ, ಆ ಎರಡನೇ ಜಾಗ ನನ್ನದಾಯಿತು.

ಮಾರನೇ ದಿನ ಸಂಜೆ ಶಾಲೆಗೆ ಹೋದೆ. ಮೇಷ್ಟ್ರು ಮೈದಾನದಲ್ಲಿ ಸುಣ್ಣದ ಪುಡಿಯಿಂದ ಖೋ-ಖೋ ಗೆರೆ ಎಳೆಯುತ್ತಿದ್ದರು. ದೂರದಿಂದಲೇ ನನ್ನನ್ನು ನೋಡಿ ಡಬ್ಬ ಕೆಳಗಿಟ್ಟರು.

"ಎರಡೂ ಕೈ ಒಟ್ಟಿಗೆ ಮುಟ್ಟಿತೇನಮ್ಮ?"

"ಮುಟ್ಟಿತು ಸಾರ್."

ಎಷ್ಟನೇ ಸ್ಥಾನ ಅಂತ ಆಮೇಲೆ ಕೇಳಿದರು.