ಸೌತೆ ಪ್ರಯೋಗ: ತುದಿ ಊದುವ ಕಾಯಿಯ ಕಾರಣ ಸಿಕ್ಕಿತು

ಕೊನೆಗೂ ಸಿಕ್ಕಿತು! ಇವತ್ತು ಬೆಳಿಗ್ಗೆ ಕಿತ್ತ ಪಾಲಿಹೌಸ್ ಸೌತೆ (ಪ್ಲಾಸ್ಟಿಕ್ ಹೊದಿಸಿದ ಹಸಿರುಮನೆಯಲ್ಲಿ ಬೆಳೆಯುವ ತಳಿ) ತೊಟ್ಟಿನಿಂದ ತುದಿಯವರೆಗೆ ಒಂದೇ ದಪ್ಪ. ಸ್ಕೇಲ್ ಪಕ್ಕ ಇಟ್ಟು ನೋಡಿದೆ, ಅಷ್ಟೇ ನೇರ. ಮೂರು ವಾರದಿಂದ ಇದಕ್ಕೇ ತಲೆ ಕೆಡಿಸಿಕೊಂಡಿದ್ದೆ.

ಮಣ್ಣು, ಚಪ್ಪರ, ಬೇವಿನ ಹಿಂಡಿ ಎಲ್ಲ ಮಾಮೂಲಿ, ಬಿಡಿ. ಮೈಸೂರಿನ ನಮ್ಮ ತಾರಸಿಯಲ್ಲಿ ಈ ಸಲ ಮೂರು ತಳಿ, ತಲಾ ನಾಲ್ಕು ಬಳ್ಳಿ, ಎಲ್ಲಕ್ಕೂ ಒಂದೇ ಅಳತೆಯ ಗ್ರೋ ಬ್ಯಾಗ್. ಒಂದು ಪಾಯಿನ್‌ಸೆಟ್. ಇನ್ನೊಂದು ಸುಳ್ಯದ ಚಿಕ್ಕಮ್ಮ ಬೂದಿ ಬೆರೆಸಿ ಗೋಡೆಗೆ ತಟ್ಟಿಟ್ಟಿದ್ದ ಬೀಜದಿಂದ ಬೆಳೆದ ಮುಳ್ಳುಸೌತೆ. ಮೂರನೆಯದು ಪಾರ್ಥೆನೋಕಾರ್ಪಿಕ್, ಪರಾಗ ಸೋಕದೆಯೇ ಕಾಯಿ ಕಟ್ಟುವ, ಬೀಜವಿಲ್ಲದ ಪಾಲಿಹೌಸ್ ತಳಿ.

ಹಬ್ಬುವುದರಲ್ಲಿ ಮುಳ್ಳುಸೌತೆಯೇ ಮುಂದೆ, ಆದರೆ ಮೊದಲ ಹತ್ತು ದಿನ ಬರೀ ಗಂಡು ಹೂ. ಬೂಜು ತುಪ್ಪಟ ರೋಗ ಬಂದಾಗ ಪಾಯಿನ್‌ಸೆಟ್ ಎಲೆ ಚೆನ್ನಾಗಿ ತಡೆದುಕೊಂಡಿತು. ಪಾಲಿಹೌಸ್ ತಳಿಯಲ್ಲಿ ಗೆಣ್ಣು ಗೆಣ್ಣಿಗೂ ಮಿಡಿ ಹೊತ್ತ ಹೆಣ್ಣು ಹೂ. ನೋಡಿ ಎಷ್ಟು ಖುಷಿಯಾಗಿತ್ತು!

ಆದರೆ ಕಾಯಿ ಮಾತ್ರ ಸೊಟ್ಟ. ತೊಟ್ಟಿನ ಕಡೆ ಹೆಬ್ಬೆರಳಿನಷ್ಟು, ತುದಿ ಚೆಂಡಿನ ಹಾಗೆ. ನೀರು ಹೆಚ್ಚುಕಮ್ಮಿ ಆಗಿರಬೇಕು ಎಂದು ಹೊತ್ತಿಗೆ ಸರಿಯಾಗಿ ಕೊಟ್ಟೆ. ಪೊಟ್ಯಾಷ್ ಕೊಟ್ಟೆ. ಏನೂ ಆಗಲಿಲ್ಲ. ಹೆಣ್ಣು ಹೂ ಅರಳಿರುವುದೇ ಒಂದು ದಿನ, ಆ ಹೊತ್ತಿನಲ್ಲಿ ಜೇನು ಮತ್ತೆ ಮತ್ತೆ ಬಂದು ಹೋದರೆ ತಾನೇ ಕಾಯಿ ಪೂರ್ತಿ ತುಂಬುವುದು, ಅದಕ್ಕೇ ಮುಳ್ಳುಸೌತೆಗೆ ನಾನು ಕೈಯಲ್ಲೇ ಗಂಡು ಹೂ ಮುಟ್ಟಿಸುತ್ತೇನೆ. ಇದಕ್ಕೂ ಹಾಗೇ ಮಾಡಿದೆ. ಊತ ಇನ್ನೂ ಜಾಸ್ತಿ ಆಯಿತು.

ಆಮೇಲೆ ಒಂದು ಕಾಯಿ ಉದ್ದಕ್ಕೆ ಸೀಳಿದೆ. ತೊಟ್ಟಿನ ಕಡೆ ಬರೀ ತಿಳಿ ಹಸಿರು ತಿರುಳು, ಒಂದೇ ಒಂದು ಬೀಜ ಇಲ್ಲ. ಊದಿದ ತುದಿಯಲ್ಲಿ ಹದಿನಾಲ್ಕು ಬೀಜ ಒತ್ತೊತ್ತಾಗಿ ಕೂತಿದ್ದವು! ಪಕ್ಕದ ಬಳ್ಳಿಗಳ ಪರಾಗವನ್ನು ತುಡುವೆ ಜೇನು ತಂದು ಹಾಕಿವೆ, ನಾನೂ ಹಾಕಿದ್ದೇನೆ. ಬೀಜ ಕಟ್ಟಿದ ಕಡೆ ಮಾತ್ರ ಕಾಯಿ ಊದಿದೆ. ಮುಳ್ಳುಸೌತೆ ಸೊಟ್ಟಗಾಗುವುದು ಪರಾಗ ಸಾಲದೆ, ಇದು ಸೊಟ್ಟಗಾಗುವುದು ಪರಾಗ ಬಿದ್ದು.

ಪರೀಕ್ಷೆ ಮಾಡಲೇಬೇಕಲ್ವಾ? ಮದುವೆಮನೆಯಲ್ಲಿ ಅಡಿಕೆ ಹಾಕಿ ಕೊಡುವ ಸಣ್ಣ ನೆಟ್ ಚೀಲ ಮನೆಯಲ್ಲಿ ರಾಶಿ ಇದ್ದವು. ಮಾರನೆ ದಿನ ಅರಳುವ ಎಂಟು ಮೊಗ್ಗಿಗೆ ಸಂಜೆಯೇ ಕಟ್ಟಿ, ಹೂ ಬಾಡಿದ ಮೇಲೆ ಬಿಚ್ಚಿದೆ. ಒಂದು ಮಿಡಿ ಉದುರಿತು, ಏಳು ನೇರವಾಗಿ ಇಳಿದಿವೆ. ಚೀಲ ಕಟ್ಟದ ಆರರಲ್ಲಿ ನಾಲ್ಕು ಊದಿವೆ.

ಬೀಜದ ಅಂಗಡಿಯವರ ಮೇಲೆ ನಿಜವಾಗಲೂ ಬೇಜಾರಿದೆ. ಎಣಿಸಿ ಮಾರುವ ದುಬಾರಿ ಬೀಜ ಇದು. ಪ್ಯಾಕೆಟ್ ಒಡೆದು ಹತ್ತತ್ತು ಬೀಜ ಜಿಪ್ ಕವರಿಗೆ ಹಾಕಿ ಕೊಟ್ಟರು. ತಳಿಯ ಹೆಸರೂ ಇಲ್ಲ, ಜೇನು ಬಾರದ ಕಡೆ ಬೆಳೆಯಿರಿ ಎಂಬ ಒಂದು ಮಾತೂ ಇಲ್ಲ.

ಇವತ್ತಿನವರೆಗಿನ ತೂಕ, ನಾಲ್ಕು ನಾಲ್ಕು ಬಳ್ಳಿಯದ್ದು: ಪಾಲಿಹೌಸ್ ತಳಿ 11 ಕಿಲೋ (ಊದಿದ್ದೂ ಸೇರಿ), ಪಾಯಿನ್‌ಸೆಟ್ 9, ಮುಳ್ಳುಸೌತೆ 7.5. ಕೋಸಂಬರಿಗೆ ಮಾತ್ರ ನನಗೆ ಮುಳ್ಳುಸೌತೆಯೇ ಬೇಕು, ಆ ಘಮ ಬೇರೆ ಎರಡರಲ್ಲೂ ಇಲ್ಲ.

ಮುಂದಿನ ಸರದಿ ಮಂಗಳೂರು ಸೌತೆಯದು, ಅದೇ ಸಾಂಬಾರ್ ಸೌತೆ. ಹೆಸರು ಸೌತೆಯಾದರೂ ಅದು ಕರಬೂಜದ ಜಾತಿ, ಮುಳ್ಳುಸೌತೆ ಜೊತೆ ಬೆರಕೆ ಆಗುವುದಿಲ್ಲ. ಹಾಗಾಗಿ ಪಕ್ಕಪಕ್ಕದಲ್ಲೇ ಬೆಳೆದು ಎರಡರ ಬೀಜವನ್ನೂ ಉಳಿಸಬಹುದು. ಸಾಂಬಾರ್ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಲು ಅಡುಗೆಮನೆ ಸಜ್ಜದ ಕೆಳಗೆ ಈಗಲೇ ಆರು ಕೊಕ್ಕೆ ಹೊಡೆಸಿದ್ದೇನೆ. ಸದ್ಯಕ್ಕೆ ತಾರಸಿಗೆ ಹೊರಟೆ. ನಾಳೆ ಅರಳುವ ಮೊಗ್ಗು ಹನ್ನೆರಡಿವೆ, ಕತ್ತಲಾಗುವ ಮೊದಲು ಚೀಲ ಕಟ್ಟಬೇಕು.