ಸಿನಿಮಾಕ್ಕಿಂತ ಮೊದಲೇ ಬಂದ ಕಾದಂಬರಿ

ಬೆಳಗಾವಿಯಲ್ಲಿ ಮಳೆ ಬಿಡುತ್ತಲೇ ಇಲ್ಲ, ಓದು ಜೋರಾಗಿದೆ. ಸಿನಿಮಾದ ಬೆನ್ನಿಗೆ ಬರುವ ಸೈನ್ಸ್ ಫಿಕ್ಷನ್ ಕಾದಂಬರಿಗಳನ್ನು ಸುಮ್ನೆ ದುಡ್ಡಿಗೆ ಬರೆದದ್ದು ಅಂತ ತಳ್ಳಿಹಾಕುವವರೇ ಜಾಸ್ತಿ. ನಾನು ಒಪ್ಪುವುದಿಲ್ಲ. ‘ಸ್ಟಾರ್ ವಾರ್ಸ್’ ಕಾದಂಬರಿ 1976ರ ಕೊನೆಗೇ ಬಂದಿತ್ತು, ಸಿನಿಮಾ ಬಂದದ್ದು 1977ರಲ್ಲಿ. ಮುಖಪುಟದಲ್ಲಿ ಸಿನಿಮಾದ ನಿರ್ದೇಶಕ ಜಾರ್ಜ್ ಲ್ಯೂಕಾಸ್ ಹೆಸರು, ಬರೆದವರು ಅಲನ್ ಡೀನ್ ಫಾಸ್ಟರ್. ಚೆನ್ನಾಗಿದೆ. ಆದರೆ ನನ್ನನ್ನು ನಿಜವಾಗಿ ಹಿಡಿದು ಕೂರಿಸಿದ್ದು ಅದೇ ‘ಸ್ಟಾರ್ ವಾರ್ಸ್’ ಲೋಕದಲ್ಲಿ ನಡೆಯುವ ತಿಮೋತಿ ಜಾನ್ ಅವರ ಕಾದಂಬರಿ ‘ಏರ್ ಟು ದಿ ಎಂಪೈರ್’, 1991ರದ್ದು. ಅದರ ಖಳನಾಯಕ ಥ್ರಾನ್ ಎದುರಾಳಿ ಜನಾಂಗದ ಚಿತ್ರ, ಶಿಲ್ಪಗಳನ್ನು ನೋಡಿ ಅವರು ಹೇಗೆ ಯುದ್ಧ ಮಾಡುತ್ತಾರೆ ಅಂತ ಲೆಕ್ಕ ಹಾಕುತ್ತಾನೆ. ಎಂಥಾ ಯೋಚನೆ ಅಲ್ವಾ! ಓದುತ್ತಾ ಬಾದಾಮಿ, ಐಹೊಳೆ ನೆನಪಾದವು, ಆ ಕೆತ್ತನೆಗಳನ್ನು ನೋಡಿ ಚಾಲುಕ್ಯರ ಬಗ್ಗೆ ಇವನು ಏನು ಹೇಳುತ್ತಿದ್ದನೋ ಅಂತ. ಅದರ ಎರಡನೇ ಭಾಗ ಯಾರ ಹತ್ತಿರವಾದರೂ ಇದ್ದರೆ ಹೇಳಿ, ಓದಿ ಜೋಪಾನವಾಗಿ ವಾಪಸ್ ಕೊಡುತ್ತೇನೆ.